ಮಗಳಿಗೊಂದು ಪತ್ರ: ಬ್ಯಾಗಿನ ಸೈಡ್ ಜೇಬಿನ ಮಾತ್ರೆ

ಉಡುಪಿ, ಸೋಮವಾರ

ಪ್ರೀತಿಯ ಮಗಳೇ,

ಅಷ್ಟಮಿ ಮುಗಿಸಿ ರಾತ್ರಿ ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿ ಚಾರ್ಜರ್ ಹುಡುಕುತ್ತಾ ಬ್ಯಾಗನ್ನೆಲ್ಲ ಮಂಚದ ಮೇಲೆ ಸುರಿದೆಯಲ್ಲ, ಆಗ ನೋಡಿದೆ. ಹತ್ತು ಮಾತ್ರೆಯ ಸ್ಟ್ರಿಪ್, ಎಂಟು ಖಾಲಿ. ಕೇಳಿದರೆ "ತಲೆನೋವಿಗಮ್ಮ, ಎಲ್ಲರೂ ತಗೊಳ್ತಾರೆ" ಅಂದೆ. ಬಸ್ಸಿಗೆ ಹೊತ್ತಾಗಿತ್ತು, ಸುಮ್ಮನಾದೆ. ಇವತ್ತು ಜೋರು ಮಳೆ, ಗಿರಾಕಿಗಳಿಲ್ಲ. ಹೊಲಿಗೆ ಮೆಷಿನ್ ಮೇಲೆಯೇ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ.

ನೀನು ಪಿಯುಸಿಯಲ್ಲಿದ್ದಾಗ ನಾನು ಆಸ್ಪತ್ರೆ ಸೇರಿದ್ದು ನೆನಪುಂಟಲ್ಲ? "ಗ್ಯಾಸ್ಟ್ರಿಕ್" ಅಂತ ಹೇಳಿ ಮುಗಿಸಿದ್ದೆವು. ಆ ವರ್ಷ ಮೇ ತಿಂಗಳ ಮದುವೆ ಸೀಸನ್ನಿನಲ್ಲಿ ದಿನಕ್ಕೆ ಆರೇಳು ಬ್ಲೌಸ್ ಹೊಲಿಯುತ್ತಿದ್ದೆ. ಕುತ್ತಿಗೆಯಿಂದ ಸೊಂಟದವರೆಗೆ ಹಗ್ಗ ಹೊಸೆದ ಹಾಗೆ ನೋವು. ಮೆಡಿಕಲ್‌ನಲ್ಲಿ ಕೇಳಿದೆ, ಚೀಟಿ ಗೀಟಿ ಇಲ್ಲದೆ ಡೈಕ್ಲೊಫೆನಾಕ್ ಕೊಟ್ಟರು. ಬೆಳಿಗ್ಗೆ ಒಂದು, ರಾತ್ರಿ ಒಂದು, ಅದೂ ಬರೀ ಚಹಾದ ಜೊತೆ. ಎದೆ ಉರಿದರೆ ಮೇಲಿಂದ ಗ್ಯಾಸಿನ ಗುಳಿಗೆ ಜಗಿಯುವುದು. ಉರಿ ಅಡಗುತ್ತಿದ್ದ ಕಾರಣ ಒಳಗೆ ಏನಾಗ್ತಿದೆ ಅಂತ ಗೊತ್ತೇ ಆಗಲಿಲ್ಲ. ಇಪ್ಪತ್ತು ದಿನ ಹೀಗೇ. ಒಂದು ಬೆಳಿಗ್ಗೆ ಮಲ ಡಾಮರಿನ ಹಾಗೆ ಕಪ್ಪಗೆ, ಅಂಟಂಟು. ನಿನ್ನೆ ತಿಂದ ಬಸಳೆಯದ್ದಿರಬೇಕು ಅಂದುಕೊಂಡೆ! ಮಧ್ಯಾಹ್ನ ಸೂಜಿಗೆ ನೂಲು ಪೋಣಿಸುವಾಗ ಕಣ್ಣು ಕತ್ತಲೆ ಬಂತು.

ಡಾಕ್ಟರು "ಯಾವ ಮಾತ್ರೆ ತಗೊಳ್ತೀರಿ?" ಅಂತ ಕೇಳಿದರು. "ಯಾವುದೂ ಇಲ್ಲ" ಅಂದೆ. ಸುಳ್ಳು ಹೇಳಿದ್ದಲ್ಲ ಮಾರಾಯ್ತಿ. ನೋವಿನ ಮಾತ್ರೆಯನ್ನು ನಾನು ಔಷಧಿಯ ಲೆಕ್ಕಕ್ಕೇ ಹಿಡಿದಿರಲಿಲ್ಲ. ಬಾಯಿಯಿಂದ ಕ್ಯಾಮರಾ ಇರುವ ನಳಿಗೆ ಇಳಿಸಿ ಎಂಡೋಸ್ಕೋಪಿ ಮಾಡಿದಾಗ ಹೊಟ್ಟೆಯಲ್ಲಿ ಹುಣ್ಣು ಕಾಣಿಸಿತು, ರಕ್ತ ಜಿನುಗುತ್ತಿತ್ತು.

ನಮ್ಮ ದೇಹದಲ್ಲೇ ತಯಾರಾಗುವ, ನೋವು ಹೆಚ್ಚಿಸುವ ಪ್ರೊಸ್ಟಗ್ಲಾಂಡಿನ್ ಅಂತ ಒಂದು ರಾಸಾಯನಿಕ ಉಂಟಂತೆ. ಹೊಟ್ಟೆಯ ಒಳಗೋಡೆಗೆ ಲೋಳೆ ಬಳಿದು ಆಸಿಡ್ಡಿನಿಂದ ಕಾಯುವುದೂ ಅದೇ. ಐಬುಪ್ರೊಫೇನ್, ಡೈಕ್ಲೊಫೆನಾಕ್, ಆಸ್ಪಿರಿನ್, ಮುಟ್ಟಿನ ನೋವಿಗೆ ನೀವು ತಗೊಳ್ಳುವ ಮೆಫೆನಮಿಕ್ ಆಸಿಡ್, ಎಲ್ಲವೂ ಅದನ್ನೇ ಕಡಿಮೆ ಮಾಡುತ್ತವೆ. ನೋವು ಹೋಗುವಾಗ ಲೋಳೆಯೂ ತೆಳ್ಳಗಾಗುತ್ತದೆ. ಇಂಜೆಕ್ಷನ್ ತಗೊಂಡರೂ ಹುಣ್ಣಾಗಬಹುದು, ರಕ್ತದ ಮೂಲಕವೇ ಹೋಗುತ್ತದಲ್ಲ. ಊಟದ ಮೇಲೆ ನುಂಗಿದರೆ ಉರಿ ಕಡಿಮೆ ಆದೀತು, ಪೂರ್ತಿ ರಕ್ಷಣೆ ಇಲ್ಲ. (ಚಹಾ ಬಿಸ್ಕೆಟ್ ಊಟ ಅಲ್ಲ, ಅದು ನಿನಗೂ ಗೊತ್ತು.) ತಗೊಳ್ಳಲೇಬೇಕಾದರೆ ಚಿಕ್ಕ ಡೋಸ್, ಕಡಿಮೆ ದಿನ. ಮುಟ್ಟಿಗೆ ಎರಡು ಮೂರು ದಿನ ಅನ್ನ ಉಂಡು ತಗೊಂಡರೆ ನಾನು ಬೇಡ ಅನ್ನುವುದಿಲ್ಲ, ಆ ನೋವು ನನಗೂ ಗೊತ್ತು.

ನಿನ್ನ ಸ್ಟ್ರಿಪ್ಪಿನ ಹಿಂದೆ ಕನ್ನಡಕ ಹಾಕಿ ಓದಿದೆ. ಐಬುಪ್ರೊಫೇನ್ 400, ಪ್ಯಾರಾಸಿಟಮಾಲ್ 325. ಒಂದರಲ್ಲೇ ಎರಡು! ಇದರ ಮೇಲೆ ಜ್ವರದ್ದೋ ಮುಟ್ಟಿನದ್ದೋ ನುಂಗಿದರೆ ಸುಮ್ನೆ ಡಬಲ್ ಆಗುತ್ತದೆ. ಬರೀ ತಲೆನೋವಿಗೆ ಪ್ಯಾರಾಸಿಟಮಾಲ್ ಒಂದೇ ಸಾಕು ಅಲ್ವಾ? ಹೊಟ್ಟೆಗೆ ಅಷ್ಟು ತೊಂದರೆ ಇಲ್ಲ, ಜಾಸ್ತಿಯಾದರೆ ಲಿವರ್‌ಗೆ ಪೆಟ್ಟು. 650ರದ್ದಾದರೆ ಆರು ಗಂಟೆ ಬಿಟ್ಟು ಒಂದು, ದಿನಕ್ಕೆ ನಾಲ್ಕು ದಾಟಬೇಡ. ಈ ಮಳೆಗಾಲದಲ್ಲಿ ಜ್ವರ ಬಂದರಂತೂ ಅದೊಂದೇ. ಡೆಂಗ್ಯೂ ಆಗಿದ್ದರೆ ಐಬುಪ್ರೊಫೇನ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತವೆ. ಕಪ್ಪು ಮಲ, ಕಾಫಿಪುಡಿ ಕದಡಿದ ಹಾಗೆ ವಾಂತಿ ಕಂಡರೆ ನನ್ನ ಹಾಗೆ ಬಸಳೆ ಅಂತ ಕೂರಬೇಡ, ಸೀದಾ ಆಸ್ಪತ್ರೆಗೆ ಹೋಗು.

ಇನ್ನೊಂದು ವಿಷಯ. ತಲೆನೋವಿಗೆ ತಿಂಗಳಲ್ಲಿ ಹತ್ತು ಹದಿನೈದು ದಿನ ಮಾತ್ರೆ ನುಂಗುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಶುರುವಾಗಬಹುದು. ನೀನು ಕಣ್ಣು ಟೆಸ್ಟ್ ಮಾಡಿಸಿ ಎರಡು ವರ್ಷ ಆಯ್ತು. ಮೊದಲು ಅದು ಮಾಡಿಸು.

ಅಪ್ಪ ಪಾರ್ಸೆಲ್ ಕಟ್ಟುತ್ತಿದ್ದಾರೆ, ಕುಚ್ಚಲಕ್ಕಿ ಮತ್ತು ಮಿಡಿ ಉಪ್ಪಿನಕಾಯಿ. ಹೊಟ್ಟೆಗೆ ಗಂಜಿಯೊಂದೇ ಮದ್ದು ಅಂತ ಅವರ ವಾದ. ಶನಿವಾರ ಫೋನ್ ಮಾಡುವಾಗ ಆ ಸ್ಟ್ರಿಪ್ ಕೈಯಲ್ಲಿ ಹಿಡಿದುಕೋ. ಉಳಿದ ಎರಡು ಮಾತ್ರೆ ಇನ್ನೂ ಉಂಟಾ ಅಂತ ಕೇಳ್ತೇನೆ.

ನಿನ್ನ ಅಮ್ಮ