ಶುಕ್ರವಾರ ಸಂಜೆ ನಾನು ಎಲ್ಲಿರುತ್ತೇನೆ

ಕೇಂಬ್ರಿಡ್ಜ್
ನವೆಂಬರ್, ಭಾನುವಾರ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರ,

ನಾನು ಇಲ್ಲಿ ಕ್ಷೇಮ. ಅಜ್ಜಿಯ ಮಂಡಿನೋವು ಕಡಿಮೆಯಾಗಿದೆ ಅಂತ ಕೇಳಿ ಸಮಾಧಾನ ಆಯ್ತು. ಈ ವಿಷಯ ಫೋನಿನಲ್ಲಿ ಹೇಳಲು ಹೋದರೆ ಪ್ರತಿಸಲ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಅಮ್ಮಾ, ಶುಕ್ರವಾರ ರಾತ್ರಿ ನಿಮ್ಮ ಊಟ ಮುಗಿದ ಮೇಲೆ ನೀನು ಫೋನ್ ಮಾಡಿದರೆ ನಾನು ಎತ್ತುವುದಿಲ್ಲ ಅಂತ ನಿನಗೆ ಬೇಜಾರು ಅಲ್ವಾ? ಆ ಹೊತ್ತಿಗೆ ಇಲ್ಲಿ ಸಂಜೆ. ನಾನು ಥಾಂಪ್ಸನ್ಸ್ ಲೇನ್ ಅನ್ನುವ ಸಣ್ಣ ರಸ್ತೆಯ ಸಿನಗಾಗ್‌ನಲ್ಲಿ ಇರುತ್ತೇನೆ. ಯಹೂದಿಗಳ ಪ್ರಾರ್ಥನಾ ಮಂದಿರ ಅದು. ಶುಕ್ರವಾರ ಸೂರ್ಯ ಮುಳುಗುವ ಮೊದಲು ಅವರ ಶಬ್ಬಾತ್ ಶುರುವಾಗುತ್ತದೆ. ಶನಿವಾರ ಕತ್ತಲಾಗುವವರೆಗೆ ಫೋನ್ ಮುಟ್ಟುವ ಹಾಗಿಲ್ಲ, ಒಲೆ ಹಚ್ಚುವ ಹಾಗಿಲ್ಲ, ದುಡ್ಡು ಕೈಯಲ್ಲಿ ಹಿಡಿಯುವ ಹಾಗಿಲ್ಲ. ನಾನು ಅತಿಥಿ. ಆದರೂ ಅಲ್ಲಿರುವಷ್ಟು ಹೊತ್ತು ನನ್ನ ಫೋನೂ ಬ್ಯಾಗಿನಲ್ಲೇ ಇರುತ್ತದೆ.

ಕರೆದುಕೊಂಡು ಹೋದವಳು ನನ್ನ ಲ್ಯಾಬಿನ ಗೆಳತಿ. ಅವಳು ಇಲ್ಲಿನ ಯಹೂದಿ ವಿದ್ಯಾರ್ಥಿ ಸಂಘದ ಕಮಿಟಿಯಲ್ಲಿದ್ದಾಳೆ. ನಾನು ಮಂಗಳೂರಿನವಳು ಅಂದ ಕೂಡಲೇ ಅವಳು ಕೇಳಿದ್ದು, "ಬೆನ್ ಯಿಜು ಗೊತ್ತಾ?" ಅಂತ. ನನಗೆ ಗೊತ್ತಿರಲಿಲ್ಲ. ಅಪ್ಪಾ, ಇದು ನಿಮಗೆ ತುಂಬಾ ಇಷ್ಟವಾಗುವ ಕಥೆ. 12ನೇ ಶತಮಾನದಲ್ಲಿ ಟ್ಯುನೀಶಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ನಮ್ಮ ಕರಾವಳಿಗೆ ಬಂದು ಸುಮಾರು 17 ವರ್ಷ ಇದ್ದ. ಹೆಚ್ಚಿನ ಕಾಲ ಮಂಗಳೂರಿನಲ್ಲೇ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಅರೇಬಿಯಾದ ಬಂದರು ಏಡನ್‌ಗೆ ಕರಿಮೆಣಸು, ಅಡಿಕೆ ಕಳಿಸುತ್ತಿದ್ದ. ಆಶು ಎಂಬ ಅಲ್ಲಿನ ಹೆಣ್ಣನ್ನೇ ಮದುವೆಯಾದ. ಏಡನ್‌ನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದರು. ಜೊತೆಗೆ ಬರೆಯಲು ಕಾಗದವನ್ನೂ!

ಆ ಪತ್ರಗಳು ಕೊನೆಗೆ ಕೈರೋದ ಒಂದು ಹಳೆಯ ಸಿನಗಾಗ್‌ನ ಕೋಣೆ ಸೇರಿದವು. ದೇವರ ಹೆಸರು ಇರಬಹುದಾದ ಕಾಗದವನ್ನು ಯಹೂದಿಗಳು ಬಿಸಾಡುವುದಿಲ್ಲ, ಒಂದು ಕಡೆ ತುಂಬಿಡುತ್ತಾರೆ. ಇಲ್ಲೇ ಪಾಠ ಮಾಡುತ್ತಿದ್ದ ಸಾಲೊಮನ್ ಶೆಕ್ಟರ್ 1896–97ರಲ್ಲಿ ಅಲ್ಲಿಗೆ ಹೋಗಿ ರಾಶಿ ರಾಶಿ ಕಾಗದ ತಂದರು. ಅವರ ಹೆಸರಿನ ಸಂಗ್ರಹದಲ್ಲಿ ಈಗ ಹತ್ತಿರ ಹತ್ತಿರ 2 ಲಕ್ಷ ಚೂರುಗಳಿವೆ. ನಮ್ಮೂರಿನ ಹೆಸರಿರುವ ಕಾಗದಗಳು ನಾನು ದಿನಾ ಹೋಗುವ ಲೈಬ್ರರಿಯಲ್ಲೇ ಇವೆ ಅಪ್ಪಾ. ಲೈಬ್ರರಿಯ ವೆಬ್‌ಸೈಟಿನಲ್ಲಿ ಈ ಸಂಗ್ರಹದ ಫೋಟೋ ಹಾಕಿದ್ದಾರೆ. ನನ್ನ ತಮ್ಮ ಊರಿಗೆ ಬಂದಾಗ ಅವನಿಗೆ ತೋರಿಸಲು ಹೇಳಿ.

ಈಗ ಶುಕ್ರವಾರದ ವಿಷಯ. ಇಲ್ಲಿನ ಸಿನಗಾಗ್ 1937ರಲ್ಲಿ ಕಟ್ಟಿದ ಕಟ್ಟಡ. ಟರ್ಮ್ ನಡೆಯುವಾಗ ಅದನ್ನು ನಡೆಸುವವರು ವಿದ್ಯಾರ್ಥಿಗಳೇ. ಬುದ್ಧಿ ಹೇಳಲು, ಕಷ್ಟಸುಖ ಕೇಳಲು ರಬ್ಬಿ, ಅಂದರೆ ಅವರ ಧರ್ಮಗುರು, ಇದ್ದಾರೆ. ಆದರೆ ಪ್ರಾರ್ಥನೆ ನಡೆಸುವುದು, ಅವರ ಧರ್ಮಗ್ರಂಥವಾದ ಟೋರಾ ಓದುವುದು, ಊಟದ ವ್ಯವಸ್ಥೆ, ಲೆಕ್ಕಪತ್ರ ಎಲ್ಲಾ ಹತ್ತೊಂಬತ್ತು ಇಪ್ಪತ್ತರ ಹುಡುಗ ಹುಡುಗಿಯರ ಕೈಯಲ್ಲಿ. ಟೋರಾ ಸುರುಳಿಯಲ್ಲಿ ಸ್ವರಾಕ್ಷರದ ಗುರುತೂ ಇಲ್ಲ, ರಾಗದ ಗುರುತೂ ಇಲ್ಲ. ಶನಿವಾರ ಓದುವವರು ವಾರವಿಡೀ ಕೂತು ಕಲಿಯಬೇಕು. ಗಣಿತ ಓದುವ ಒಬ್ಬ ಹುಡುಗ ಸೈಕಲ್ ತುಳಿಯುತ್ತಾ ಅದನ್ನೇ ಗುನುಗುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಅಡುಗೆಮನೆಯನ್ನು ಅಜ್ಜಿ ನೋಡಬೇಕಿತ್ತು. ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ. ಚಮಚ, ಪಾತ್ರೆ ಉಜ್ಜುವ ಸ್ಪಂಜು ಕೂಡ ಬೇರೆ. ಅಜ್ಜಿಯ ಮಡಿಯಷ್ಟೇ ಕಟ್ಟುನಿಟ್ಟು. ಮಾಂಸದ ಊಟ ಇದ್ದ ದಿನ ಹಾಲು, ಬೆಣ್ಣೆ, ಮೊಸರು ಮೇಜಿಗೇ ಬರುವುದಿಲ್ಲ. ನನ್ನಂಥ ಸಸ್ಯಾಹಾರಿಗೂ ಮೊಸರಿಲ್ಲದ ಊಟವೇ. ನನಗೆ ಬೇರೆ ತಟ್ಟೆಯಲ್ಲಿ ಕಡಲೆ, ತರಕಾರಿ ಇಟ್ಟಿರುತ್ತಾರೆ. ಎಲ್ಲವೂ ಸೂರ್ಯ ಮುಳುಗುವ ಮೊದಲೇ ಬೆಂದು, ಬಿಸಿ ತಟ್ಟೆಯ ಮೇಲೆ ಕೂತಿರಬೇಕು. ಈ ತಿಂಗಳು ನಾಲ್ಕು ಗಂಟೆಗೆಲ್ಲ ಕತ್ತಲು. ಹಾಗಾಗಿ ನನ್ನ ಗೆಳತಿ ಶುಕ್ರವಾರ ಮಧ್ಯಾಹ್ನವೇ ಲ್ಯಾಬಿನಿಂದ ಓಡುತ್ತಾಳೆ. ಆ ಕೆಲಸವನ್ನು ಭಾನುವಾರ ಬಂದು ಮುಗಿಸುತ್ತಾಳೆ. ಒಂದು ದಿನವೂ ಅವಳು ಇದನ್ನು ಕಷ್ಟ ಅಂದದ್ದನ್ನು ನಾನು ಕೇಳಿಲ್ಲ.

ಶನಿವಾರ ಬೆಳಗಿನ ಪೂರ್ತಿ ಪ್ರಾರ್ಥನೆಗೆ ಕನಿಷ್ಠ ಹತ್ತು ಜನ ಬೇಕು. ಇಲ್ಲಿನ ಸಂಪ್ರದಾಯದಲ್ಲಿ ಹತ್ತು ಗಂಡಸರು. ಒಂಬತ್ತೇ ಜನ ಇದ್ದರೆ ಫೋನ್ ಮಾಡುವ ಹಾಗಿಲ್ಲವಲ್ಲ, ಯಾರಾದರೂ ನಡೆದುಕೊಂಡು ಹೋಗಿ ಹತ್ತನೆಯವನ ಬಾಗಿಲು ತಟ್ಟಬೇಕು. ಇದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಒಬ್ಬ ಬರಲಿಲ್ಲ ಅಂದರೆ ಅದು ಗೊತ್ತಾಗುತ್ತದೆ. ನಾನು ಇಲ್ಲಿಗೆ ಬಂದ ಮೊದಲ ಟರ್ಮಿನಲ್ಲಿ ರೂಮಿನಿಂದ ಹೊರಗೆ ಬರದಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನು ಆಗ ನಿಮಗೆ ಹೇಳಿರಲಿಲ್ಲ. ಈಗ ಚೆನ್ನಾಗಿದ್ದೇನೆ, ಚಿಂತೆ ಬೇಡ.

ಇವರಿಗೆ ಈ ಜಾಗ ಸುಮ್ನೆ ಸಿಕ್ಕಿದ್ದಲ್ಲ. 1856ರ ಕಾನೂನು ಬರುವವರೆಗೆ ಯಹೂದಿ ಹುಡುಗ ಕೇಂಬ್ರಿಡ್ಜ್‌ನಲ್ಲಿ ಓದಬಹುದಿತ್ತು, ಪರೀಕ್ಷೆ ಬರೆಯಬಹುದಿತ್ತು, ಪದವಿ ಮಾತ್ರ ಸಿಗುತ್ತಿರಲಿಲ್ಲ. ಕ್ರಿಶ್ಚಿಯನ್ ಅಂತ ಪ್ರಮಾಣ ಮಾಡಬೇಕಿತ್ತು. ಆರ್ಥರ್ ಕೋಹೆನ್ 1853ರಲ್ಲಿ ಗಣಿತದಲ್ಲಿ ಐದನೆಯವನಾಗಿ ಪಾಸಾದ, ಪದವಿ ಕೈಗೆ ಬಂದದ್ದು 1858ರಲ್ಲಿ. ನ್ಯೂಮಾ ಹಾರ್ಟೋಗ್ 1869ರಲ್ಲಿ ಗಣಿತದಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಮೊದಲಿಗ. ಆದರೂ ಟ್ರಿನಿಟಿ ಕಾಲೇಜಿನ ಫೆಲೋ, ಅಂದರೆ ಕಾಲೇಜಿನ ವಿದ್ವಾಂಸ ಸದಸ್ಯ, ಆಗುವ ಹಾಗಿರಲಿಲ್ಲ. ಅವನು ಬ್ರಿಟನ್ನಿನ ಸಂಸತ್ತಿನ ಲಾರ್ಡ್ಸ್ ಸಭೆಯ ಸಮಿತಿಯ ಮುಂದೆ ಹೋಗಿ ಸಾಕ್ಷಿ ಹೇಳಿದ. 1871ರಲ್ಲಿ ಆ ಧರ್ಮದ ಕಟ್ಟಳೆ ಹೋಯಿತು. ಅದೇ ವರ್ಷ ಸಿಡುಬು ಬಂದು ಅವನು ತೀರಿಕೊಂಡ. 25 ವರ್ಷ ಅಷ್ಟೇ. ನಮ್ಮ ಗಣಿತ ವಿಭಾಗದ ಮುಂದೆ ಹೋಗುವಾಗಲೆಲ್ಲ ನನಗೆ ಅವನ ನೆನಪಾಗುತ್ತದೆ.

ಇಡೀ ಬ್ರಿಟನ್ನಿನ ಯಹೂದಿ ವಿದ್ಯಾರ್ಥಿಗಳಿಗೂ ಒಂದು ಒಕ್ಕೂಟ ಇದೆ. 1919ರಿಂದ ನಡೆದುಬಂದದ್ದು, 1973ರಿಂದ ಯೂನಿಯನ್ ಆಫ್ ಜ್ಯೂಯಿಷ್ ಸ್ಟೂಡೆಂಟ್ಸ್ ಅಂತ ಹೆಸರು. ಅದರ ಅಧ್ಯಕ್ಷರನ್ನು ವಿದ್ಯಾರ್ಥಿಗಳೇ ವೋಟು ಹಾಕಿ ಆರಿಸುತ್ತಾರೆ. ಕುಲಪತಿಗಳ ಮುಂದೆ, ಮಂತ್ರಿಗಳ ಮುಂದೆ ಹೋಗಿ ಮಾತಾಡುವವರು ಇಷ್ಟು ಚಿಕ್ಕವರು.

ಕಷ್ಟವೂ ಇದೆ. 2023ರ ಅಕ್ಟೋಬರ್ 7ರ ಹಮಾಸ್ ದಾಳಿ, ಆಮೇಲೆ ಗಾಜಾದ ಯುದ್ಧ, ಇವೆಲ್ಲ ಆದಮೇಲೆ ಇಲ್ಲಿನ ಯಹೂದಿ ವಿದ್ಯಾರ್ಥಿಗಳಿಗೆ ಬೈಗುಳ, ಬೆದರಿಕೆ ಜಾಸ್ತಿಯಾಗಿದೆ. ಬಾಗಿಲಲ್ಲಿ ಸರದಿಯಂತೆ ಒಬ್ಬರು ನಿಂತು, ಬಂದವರನ್ನು ನೋಡಿ ಒಳಗೆ ಬಿಡುತ್ತಾರೆ. ಊಟಕ್ಕೆ ಬರುವ ಮಕ್ಕಳಿಗೆ ಕಾವಲು ಬೇಕಾಗಿದೆಯಲ್ಲ ಅಂತ ನನಗೆ ಸಂಕಟವಾಗುತ್ತದೆ. 2024ರ ಮೇ ತಿಂಗಳಲ್ಲಿ ಕಿಂಗ್ಸ್ ಕಾಲೇಜಿನ ಮುಂದೆ ಪ್ಯಾಲೆಸ್ಟೀನ್ ಪರವಾಗಿ ವಿದ್ಯಾರ್ಥಿಗಳು ಟೆಂಟ್ ಹಾಕಿ ಕೂತಿದ್ದರು. ಆ ಬಗ್ಗೆ ಈ ಮೇಜಿನಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಗಾಜಾದ ಸಾವುಗಳಿಗೆ ಕಣ್ಣೀರು ಹಾಕುವವರಿದ್ದಾರೆ. ಆ ದಾರಿಯಲ್ಲಿ ಹೋಗಲು ಹೆದರಿದವರಿದ್ದಾರೆ. ಎರಡೂ ಆಗಿರುವವರೂ ಇದ್ದಾರೆ. ಜೋರಾಗಿಯೇ ವಾದ ಮಾಡುತ್ತಾರೆ. ಕಮಿಟಿಯವರು ಯಾರ ಬಾಯಿಯನ್ನೂ ಮುಚ್ಚಿಸುವುದಿಲ್ಲ, ಯಾರನ್ನೂ ಎದ್ದು ಹೋಗಲು ಬಿಡುವುದಿಲ್ಲ. ಅಷ್ಟು ಮಾಡುವುದು ದೊಡ್ಡ ಭಾಷಣಕ್ಕಿಂತ ಕಷ್ಟ ಅಂತ ನನಗೆ ಅನ್ನಿಸಿದೆ.

ಅಪ್ಪಾ, ಇಷ್ಟೆಲ್ಲ ಬರೆದದ್ದಕ್ಕೆ ಇನ್ನೊಂದು ಕಾರಣವಿದೆ. ತಮ್ಮ ತನ್ನ ಹಾಸ್ಟೆಲಿನ ಮೆಸ್ ಕಮಿಟಿಗೆ ನಿಲ್ಲಬೇಕು ಅಂತಿದ್ದಾನೆ. ನೀವು "ಓದಲು ಹೋದವನು ಓದಲಿ" ಅಂದಿರಂತೆ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಸಂಘ ಅಂದರೆ ಗಲಾಟೆ ಅನ್ನುವುದನ್ನು ನೀವು ಕಣ್ಣಾರೆ ಕಂಡವರು. ಆದರೆ ಅಕ್ಕಿ, ಬೇಳೆಯ ಲೆಕ್ಕ ಇಡುವುದು, ಅಡುಗೆಯವರ ಹತ್ತಿರ ಮರ್ಯಾದೆಯಿಂದ ಮಾತಾಡುವುದು, ಊಟಕ್ಕೆ ಬರದ ಹುಡುಗನ ರೂಮಿಗೆ ಹೋಗಿ ನೋಡುವುದು, ಇವೆಲ್ಲ ಪಾಠದ ಪುಸ್ತಕದಿಂದ ಬರುವುದಿಲ್ಲ. ಒಂದು ವರ್ಷ ನಿಲ್ಲಲಿ ಅಪ್ಪಾ. ನಾಮಪತ್ರ ಕೊಡಲು ಮುಂದಿನ ತಿಂಗಳ ಮೊದಲ ವಾರದವರೆಗೆ ಸಮಯ ಇದೆಯಂತೆ. ಅಷ್ಟರೊಳಗೆ ನೀವೇ ಅವನಿಗೆ ಫೋನ್ ಮಾಡಿ ಹೇಳಿ. ನಾನು ಹೇಳಿದ್ದಕ್ಕಿಂತ ನೀವು ಹೇಳಿದರೆ ಅವನಿಗೆ ಸಂತೋಷ.

ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಪ್ರೀತಿಯ ಮಗಳು