ಥೀಸಿಸ್ ಮುಗಿಯಿತು, ಕೆಲವರಿಗೆ ಹೇಳಬೇಕಾದದ್ದಿದೆ

ಹೋದ ಶುಕ್ರವಾರ ನನ್ನ ಪಿಎಚ್‌.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಫೋನ್ ಮಾಡಿದವರ ಹತ್ತಿರ ಗಂಟಲು ಕಟ್ಟಿ ಮಾತೇ ಹೊರಡಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

"ಏನಮ್ಮಾ ಅಷ್ಟು ವರ್ಷ ಓದೋದು?" ಎಂದು ಸೋದರಮಾವ ಕೇಳುತ್ತಲೇ ಇದ್ದರು. ಮಾವ, ಜೇನುಗೂಡಿನಂತೆ ಆರು ಮೂಲೆಯ ಮನೆಗಳಿರುವ ಹಾಳೆ ತಗೊಳ್ಳಿ. ಪ್ರತಿ ಮನೆಗೂ ನಾಣ್ಯ ಚಿಮ್ಮಿ ನೀಲಿ ಇಲ್ಲವೇ ಹಳದಿ ಬಳಿಯಿರಿ. ನೀಲಿ ಮನೆಗಳನ್ನಷ್ಟೇ ತುಳಿದು ಈ ಅಂಚಿನಿಂದ ಆ ಅಂಚಿಗೆ ದಾಟಲು ಎಷ್ಟು ಸಂಭವ? ಮನೆಗಳು ಸಣ್ಣದಾಗುತ್ತ ಹೋದಾಗ ಉತ್ತರ ಎಲ್ಲಿಗೆ ಬಂದು ನಿಲ್ಲುತ್ತದೆಂದು 1992ರಲ್ಲಿ ಭೌತವಿಜ್ಞಾನಿ ಜಾನ್ ಕಾರ್ಡಿ, ಭೌತಶಾಸ್ತ್ರದ ಕನ್‌ಫಾರ್ಮಲ್ ಫೀಲ್ಡ್ ಥಿಯರಿ ಎಂಬ ಸಿದ್ಧಾಂತದಿಂದ ಸೂತ್ರ ಕೊಟ್ಟರು. ನೋಡಲು ಕಷ್ಟದ ಸೂತ್ರ. ಬದಿ 1 ಇರುವ ಸಮಬಾಹು ತ್ರಿಭುಜದಲ್ಲಿ ಮಾತ್ರ ಅದು ಕರಗಿಹೋಗುತ್ತದೆ ಎಂದು ಕಂಡವರು ಗಣಿತಜ್ಞ ಲೆನಾರ್ಟ್ ಕಾರ್ಲೆಸನ್: ಒಂದು ಬದಿಯಿಂದ ಹೊರಟು, ಎದುರು ಮೂಲೆಯಿಂದ ಪಕ್ಕದ ಬದಿಯ ಮೇಲೆ ಅಳೆದ x ಉದ್ದದ ತುಂಡನ್ನು ಮುಟ್ಟುವ ಸಂಭವನೀಯತೆ ಬರೀ x. 2001ರಲ್ಲಿ ಗಣಿತಜ್ಞ ಸ್ಟಾನಿಸ್ಲಾವ್ ಸ್ಮಿರ್ನೋವ್ ಈ ಜೇನುಗೂಡಿನ ಜೋಡಣೆಗೆ ಅದನ್ನು ಸಾಧಿಸಿ ತೋರಿಸಿದರು. ಆ ಕೆಲವು ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮನೆಗಳ ನಡುಬಿಂದುಗಳನ್ನಷ್ಟೇ ಬರೆದು ತೋರಿಸಿದಾಗ ಅಮ್ಮ, "ಇದು ಮಧ್ಯ ಚುಕ್ಕಿ ರಂಗೋಲಿ ಅಲ್ವೇನೇ!" ಅಂದಳು. ಹೌದಮ್ಮ, ಅದೇ. ಅಪ್ಪ ಹಾಸಿಗೆ ಹಿಡಿದ ವರ್ಷವೂ "ನೀನು ಬರಬೇಡ, ಓದು" ಎಂದು ಒಬ್ಬಳೇ ನಿಭಾಯಿಸಿದೆಯಲ್ಲ, ಅದನ್ನು ಯಾವ ಮಾತಿನಲ್ಲಿ ತೀರಿಸಲಿ?

ನಾಲ್ಕನೇ ವರ್ಷ ನನ್ನ ಮುಖ್ಯ ಲೆಮ್ಮಾದಲ್ಲೇ, ಅಂದರೆ ಉಳಿದದ್ದಕ್ಕೆಲ್ಲ ಆಧಾರವಾದ ಸಣ್ಣ ಪ್ರಮೇಯದಲ್ಲೇ, ತಪ್ಪು ಸಿಕ್ಕಿತು. ಎರಡು ದಾಟುಗಳು (ನೀಲಿ ಮನೆಗಳ ದಾರಿಗಳು) ಒಟ್ಟಿಗೆ ಆಗುವ ಸಂಭವ ಇಷ್ಟಕ್ಕಿಂತ ಹೆಚ್ಚಿರಲಾರದು ಎನ್ನುವ ಮೇಲ್ಮಿತಿ ಬೇಕಿತ್ತು. ನಾನು ಹ್ಯಾರಿಸ್ ಅಸಮತೆ ಹಾಕಿದ್ದೆ. ಅದು ಕೊಡುವುದು ಕೆಳಮಿತಿ, ಇಷ್ಟಕ್ಕಿಂತ ಕಡಿಮೆಯಿರಲಾರದು ಅಂತ. ಒಂದು ದಾಟು ಇದ್ದರೆ ಇನ್ನೊಂದಕ್ಕೆ ಅನುಕೂಲವೇ ಹೊರತು ಅಡ್ಡಿಯಲ್ಲ. ನನ್ನ ಕಿರಿಯ ಸಹಪಾಠಿ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ "ಅಕ್ಕಾ, ಚಿಹ್ನೆ ತಿರುಗಿದೆಯಾ?" ಎಂದು ಬರೆದಿದ್ದ. ಮೂರು ದಿನ ಅವನ ಜೊತೆ ಮಾತು ಬಿಟ್ಟೆ. ಕ್ಷಮಿಸು ತಮ್ಮಾ. ದಾಟುಗಳು ಒಂದೇ ಮನೆಯನ್ನು ಹಂಚಿಕೊಳ್ಳಬಾರದೆಂದು ಷರತ್ತು ಹಾಕಿದರೆ ವಾನ್ ಡೆನ್ ಬರ್ಗ್–ಕೆಸ್ಟೆನ್ ಅಸಮತೆ ಬೇಕಾದ ಮಿತಿ ಕೊಡುತ್ತದೆಂದು ಹೊಳೆಯಲು ಏಳು ತಿಂಗಳು ಹಿಡಿಯಿತು. ಅಷ್ಟೂ ದಿನ ನಮ್ಮ ಗೈಡ್ ಪ್ರತಿ ಸೋಮವಾರ ಬೋರ್ಡ್ ಒರೆಸಿ, "ಮೊದಲಿಂದ ಹೇಳಮ್ಮ" ಎನ್ನುತ್ತಿದ್ದರು. ಒಮ್ಮೆಯೂ ಗಡಿಯಾರ ನೋಡಲಿಲ್ಲ. ಸರ್, ನಿಮಗೆ ನಮಸ್ಕಾರ.

ಪೆನ್ಸಿಲ್ ಗುರುತಿನ ಆ ಹಾಳೆಯನ್ನು ಥೀಸಿಸ್‌ನ ನನ್ನ ಪ್ರತಿಯೊಳಗೆ ಇಟ್ಟುಕೊಂಡಿದ್ದೇನೆ.