ಪುಟ್ಟಿ, ನೀನು ಗೆದ್ದ ಚರ್ಚೆಯ ಬಗ್ಗೆ

ಪುಟ್ಟಿ,

ಭಾನುವಾರ ರಾತ್ರಿ ಫೋನ್ ಮಾಡಿ, ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು ಅಂತ ಹೇಳಿದೆಯಲ್ಲ, ನಿನ್ನ ದನಿಯಲ್ಲೇ ಖುಷಿ ತುಂಬಿತ್ತು. ವಿಷಯ ಏನು ಅಂತ ಕೇಳಿದೆ. ‘ಯುದ್ಧ ಮುಗಿಸಲು ಜಪಾನಿನ ಮೇಲೆ ಅಣುಬಾಂಬ್ ಹಾಕಿದ್ದು ಸರಿ. ನಾನು ಪರ ಮಾತಾಡಿದೆ ಅಮ್ಮಾ’ ಅಂದೆ ನೀನು. ಓಕಿನಾವಾ ದ್ವೀಪದ ಕಾಳಗದ ಹಾಗೆ ಮುಂದೆಯೂ ಕಾದಿದ್ದರೆ ಇನ್ನೂ ಎಷ್ಟೋ ಜನ ಸಾಯುತ್ತಿದ್ದರು, ಬಾಂಬಿನಿಂದ ಯುದ್ಧ ಮುಗಿದು ಹತ್ತು ಲಕ್ಷ ಅಮೆರಿಕನ್ ಸೈನಿಕರು ಉಳಿದರು ಅಂತ ನಿನ್ನ ವಾದವನ್ನೂ ಎರಡು ಮಾತಿನಲ್ಲಿ ಹೇಳಿದೆ. ನನಗೆ ಮಾತು ಹೊರಡಲಿಲ್ಲ. ‘ನಿಂಗೆ ಖುಷಿ ಆಗಲಿಲ್ವಾ?’ ಅಂತ ಕೇಳಿದೆ. ಡ್ಯೂಟಿಗೆ ಹೊತ್ತಾಯ್ತು ಅಂತ ಫೋನ್ ಇಟ್ಟುಬಿಟ್ಟೆ. ಹೊತ್ತೇನೂ ಆಗಿರಲಿಲ್ಲ. ಅವತ್ತಿಂದ ಮನಸ್ಸಿಗೆ ಸಮಾಧಾನ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಗೆದ್ದಿದ್ದಕ್ಕೆ ನನಗೆ ಹೆಮ್ಮೆ ಇದೆ. ಅದನ್ನು ಮೊದಲು ಹೇಳಬೇಕಿತ್ತು.

ಹನ್ನೊಂದು ವರ್ಷ ನಾನು ಬರ್ನ್ಸ್ ವಾರ್ಡಿನಲ್ಲಿ ಕೆಲಸ ಮಾಡಿದೆ. ಅಲ್ಲಿಯ ವಿಷಯ ನಿನಗೆ ಹೇಳಿದ್ದು ಕಡಿಮೆ. ಸ್ಟೋವ್ ಸಿಡಿದವರು, ಸೀರೆಗೆ ಬೆಂಕಿ ತಾಗಿದವರು, ಬಿಸಿನೀರಿನ ಹಂಡೆಗೆ ಬಿದ್ದ ಮಕ್ಕಳು. ಬಂದವರೆಲ್ಲ ಮೊದಲು ಕೇಳುವುದು ನೀರು. ‘ಸಿಸ್ಟರ್, ಒಂದ್ ಗುಟುಕು.’ ಚರ್ಮ ಹೋದ ಮೇಲೆ ಮೈಯೊಳಗಿನ ನೀರು ಒಸರಿ ಹೋಗುತ್ತಲೇ ಇರುತ್ತದೆ. ಅದಕ್ಕೆ ಮೊದಲ ದಿನ ಬಾಟಲಿ ಮೇಲೆ ಬಾಟಲಿ ಡ್ರಿಪ್ ಹಾಕುತ್ತೇವೆ. ಬಾಯಿಂದ ಜಾಸ್ತಿ ಕೊಟ್ಟರೆ ವಾಂತಿ. ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಾ ಕೂರುತ್ತೇವೆ. ಅರ್ಧ ಮೈ ಸುಟ್ಟ ಒಬ್ಬರನ್ನು ಉಳಿಸಿಕೊಳ್ಳಲು ಇಡೀ ವಾರ್ಡ್ ತಿಂಗಳುಗಟ್ಟಲೆ ಓಡಾಡುತ್ತದೆ. ಆದರೂ ಎಷ್ಟೋ ಸಲ ಉಳಿಯುವುದಿಲ್ಲ.

2024ರಲ್ಲಿ, ಬಾಂಬಿಗೆ ಸಿಕ್ಕಿ ಬದುಕಿ ಉಳಿದವರ ಸಂಘ ನಿಹೋನ್ ಹಿದಾಂಕ್ಯೋಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತಲ್ಲ, ಆಗಿನಿಂದ ನಾನು ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ನಿನಗೆ ಹೇಳಿರಲಿಲ್ಲ ಅಷ್ಟೆ.

1945ರ ಆಗಸ್ಟ್ 6, ಸೋಮವಾರ ಬೆಳಿಗ್ಗೆ 8:15. ಹಿರೋಷಿಮಾದ ಮೇಲೆ, ನೆಲದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ಬಾಂಬ್ ಸಿಡಿಯಿತು. ಅದರ ನೇರ ಕೆಳಗೆ ಇದ್ದದ್ದು ಒಂದು ಆಸ್ಪತ್ರೆ. ಅಲ್ಲಿ ನೆಲದ ಶಾಖ 3,000 ಡಿಗ್ರಿ ದಾಟಿತ್ತು. ಊರಿನ ಡಾಕ್ಟರು, ನರ್ಸುಗಳಲ್ಲಿ ನೂರಕ್ಕೆ ತೊಂಬತ್ತು ಮಂದಿ ಸತ್ತರು, ಇಲ್ಲವೇ ಗಾಯಗೊಂಡರು. ಅಂದರೆ ಸುಟ್ಟವರು ಸಾವಿರ ಸಾವಿರ, ನೋಡಿಕೊಳ್ಳಲು ಯಾರೂ ಇಲ್ಲ. ಆ ವರ್ಷ ಮುಗಿಯುವಷ್ಟರಲ್ಲಿ ಸತ್ತವರು ಸುಮಾರು 1,40,000. ಮೈಮೇಲೆ ಒಂದು ಗೀರೂ ಇಲ್ಲದವರಿಗೆ ವಾರಗಳ ನಂತರ ಕೂದಲು ಉದುರಿ, ವಸಡಿನಲ್ಲಿ ರಕ್ತ ಬಂದು ಸಾವು ಬಂತು. ಅದು ಯಾವ ಕಾಯಿಲೆ ಅಂತ ಅಲ್ಲಿನ ಡಾಕ್ಟರಿಗೂ ಮೊದಲು ಗೊತ್ತಾಗಲಿಲ್ಲ.

ಆ ಬೆಳಿಗ್ಗೆ ಊರ ನಡುವೆ ಶಾಲೆಯ ಮಕ್ಕಳಿದ್ದರು. ಬೆಂಕಿ ಹಬ್ಬದಿರಲಿ ಅಂತ ಸಾಲು ಸಾಲು ಮನೆ ಕೆಡವಿ ಜಾಗ ತೆರವು ಮಾಡುವ ಕೆಲಸಕ್ಕೆ ಸರ್ಕಾರವೇ ಅವರನ್ನು ಹಚ್ಚಿತ್ತು. ಹೆಚ್ಚಿನವರು ಹನ್ನೆರಡು, ಹದಿಮೂರು ವರ್ಷದವರು, ನಿನ್ನ ತಮ್ಮನ ವಯಸ್ಸು. ಅವರಲ್ಲಿ ಸುಮಾರು ಆರು ಸಾವಿರ ಮಕ್ಕಳು ಸತ್ತರು. ಒಬ್ಬ ಹುಡುಗನ ಊಟದ ಡಬ್ಬಿ ಹಿರೋಷಿಮಾದ ಮ್ಯೂಸಿಯಂನಲ್ಲಿದೆ. ಮುಚ್ಚಳ ಸೊಟ್ಟಗಾಗಿದೆ, ಒಳಗಿನ ಅನ್ನ ಇದ್ದಿಲಾಗಿದೆ. ತಾಯಿ ಮಗನನ್ನು ಗುರುತಿಸಿದ್ದು ಆ ಡಬ್ಬಿಯಿಂದ. ದಿನಾ ಬೆಳಿಗ್ಗೆ ತಮ್ಮನ ಡಬ್ಬಿ ಕಟ್ಟುವಾಗ ನನಗೆ ಅದು ನೆನಪಾಗುತ್ತದೆ ಪುಟ್ಟಿ. ನಾನೇನು ಮಾಡಲಿ?

ಅಲ್ಲೂ ಎಲ್ಲರೂ ಕೇಳಿದ್ದು ನೀರೇ. ಸುಟ್ಟವರಿಗೆ ನೀರು ಕೊಟ್ಟರೆ ಸಾಯುತ್ತಾರೆ ಅಂತ ಕೇಳಿದ್ದವರು ಕೊಡಲಿಲ್ಲ. ಕೇಳಿದವರು ಹೇಗೂ ಸತ್ತರು. ಕೊಡಬೇಕಿತ್ತು ಅನ್ನುವ ಸಂಕಟ ಉಳಿದವರಿಗೆ ಸಾಯುವವರೆಗೂ ಉಳಿಯಿತು. ಇವತ್ತಿಗೂ ಪ್ರತಿ ಆಗಸ್ಟ್ 6ರಂದು ಆ ಊರಿನಲ್ಲಿ ಸತ್ತವರಿಗೆ ನೀರು ಅರ್ಪಿಸುತ್ತಾರೆ.

ಈಗ ನಿನ್ನ ವಾದಕ್ಕೆ ಬರುತ್ತೇನೆ. ಅದನ್ನು ತಳ್ಳಿಹಾಕುವುದಿಲ್ಲ. ಆ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ಓಕಿನಾವಾದಲ್ಲಿ ನಡೆದದ್ದು ನೀನು ಹೇಳಿದ ಹಾಗೇ ಭಯಂಕರ. ಒಂದು ದ್ವೀಪಕ್ಕಾಗಿ ಹನ್ನೆರಡು ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಜಪಾನಿನ ಕಡೆ ಅದರ ಎಷ್ಟೋ ಪಟ್ಟು. ಅಲ್ಲಿನ ಜನಸಾಮಾನ್ಯರೂ ಸೈನಿಕರಷ್ಟೇ ಸತ್ತರು. ನವೆಂಬರ್‌ನಲ್ಲಿ ಜಪಾನಿನ ಕ್ಯೂಷೂ ದ್ವೀಪಕ್ಕೆ ಅಮೆರಿಕದ ಸೇನೆ ಇಳಿಸುವ ಯೋಜನೆ ತಯಾರಿತ್ತು. ಚೀನಾದಲ್ಲಿ, ಜಾವಾದಲ್ಲಿ ಜಪಾನಿನ ಆಳ್ವಿಕೆಯ ಕೆಳಗೆ ದಿನವೂ ಜನ ಸಾಯುತ್ತಿದ್ದರು. 1942ರಲ್ಲಿ ಸಿಂಗಪುರದಲ್ಲಿ ಸೆರೆ ಸಿಕ್ಕ ನಮ್ಮ ಭಾರತದ ಸೈನಿಕರೂ ಸಾಯುತ್ತಿದ್ದರು. ಅವರಿಗೆಲ್ಲ ಯುದ್ಧ ಒಂದು ದಿನ ಮೊದಲು ಮುಗಿದರೂ ಅದು ಜೀವವೇ. ಅದನ್ನು ಮರೆತು ನಾನು ಕಣ್ಣೀರು ಹಾಕಿದರೆ ಅದೂ ಸುಳ್ಳು.

ಆದರೆ ಹತ್ತು ಲಕ್ಷ ಅಮೆರಿಕನ್ ಸೈನಿಕರು ಉಳಿದರು ಅಂತ ಹೇಳಿದೆಯಲ್ಲ, ಆ ಸಂಖ್ಯೆ ಎಲ್ಲಿಂದ ಬಂತು ಅಂತ ನೋಡಿದೆಯಾ? ಅದು ಜನರ ಬಾಯಿಗೆ ಬಿದ್ದದ್ದು ಯುದ್ಧ ಮುಗಿದ ಮೇಲೆ. ಅಮೆರಿಕದ ಯುದ್ಧ ಮಂತ್ರಿಯಾಗಿದ್ದ ಹೆನ್ರಿ ಸ್ಟಿಮ್ಸನ್ 1947ರಲ್ಲಿ ಪತ್ರಿಕೆಯಲ್ಲಿ ಬರೆದದ್ದು. ಅವರು ಬರೆದದ್ದೂ ಸತ್ತವರು, ಗಾಯಗೊಂಡವರು ಎಲ್ಲ ಸೇರಿ. 1945ರ ಜೂನ್‌ನಲ್ಲಿ ಸೇನೆಯ ಯೋಜನೆಗಾರರೇ ಮಾಡಿದ ಲೆಕ್ಕಗಳಲ್ಲಿ ಇದಕ್ಕಿಂತ ತುಂಬಾ ಚಿಕ್ಕವೂ ಇದ್ದವು. ಇದೇ ಸ್ಟಿಮ್ಸನ್, ಕ್ಯೋಟೋ ಹಳೆಯ ದೇವಸ್ಥಾನಗಳ ಊರು ಅಂತ ಅದನ್ನು ಬಾಂಬ್ ಹಾಕುವ ಊರುಗಳ ಪಟ್ಟಿಯಿಂದ ಹಟ ಹಿಡಿದು ತೆಗೆಸಿದವರು. ಒಂದು ಊರನ್ನು ಬಿಡಬಹುದಿತ್ತು ಅಂತ ಇದರಿಂದಲೇ ಗೊತ್ತಾಗುತ್ತದೆ ಅಲ್ವಾ? ಜನರಿಲ್ಲದ ಜಾಗದಲ್ಲಿ ಬಾಂಬ್ ಸಿಡಿಸಿ ತೋರಿಸಿ ಅಂತ, ಬಾಂಬಿನ ಕೆಲಸದಲ್ಲಿದ್ದ ಜೇಮ್ಸ್ ಫ್ರಾಂಕ್ ಮತ್ತು ಅವರ ಜೊತೆಗಾರ ವಿಜ್ಞಾನಿಗಳು ಜೂನ್‌ನಲ್ಲೇ ಬರೆದು ಕೊಟ್ಟಿದ್ದರು. ಯಾರೂ ಕೇಳಲಿಲ್ಲ.

ಬಾಂಬಿನಿಂದಲೇ ಯುದ್ಧ ಮುಗಿಯಿತು ಅನ್ನುವುದೂ ಅಷ್ಟು ಸುಲಭದ ಮಾತಲ್ಲ. ಆಗಸ್ಟ್ 8ರಂದು ಸೋವಿಯತ್ ರಷ್ಯಾ ಯುದ್ಧ ಸಾರಿತು. 9ರ ಬೆಳಗಾಗುವ ಮೊದಲೇ ಅದರ ಸೇನೆ ಜಪಾನಿನ ಹಿಡಿತದಲ್ಲಿದ್ದ ಮಂಚೂರಿಯಾಕ್ಕೆ ನುಗ್ಗಿತ್ತು. ಅವತ್ತು ಟೋಕಿಯೋದಲ್ಲಿ ಯುದ್ಧ ಮಂಡಳಿಯ ಆರು ಜನ ಕೂತು ಮಾತಾಡುತ್ತಿದ್ದಾಗಲೇ ನಾಗಸಾಕಿಯ ಮೇಲೂ ಬಾಂಬ್ ಬಿದ್ದ ಸುದ್ದಿ ಬಂತು. ಆಮೇಲೂ ಯಾವ ಷರತ್ತಿನ ಮೇಲೆ ಶರಣಾಗಬೇಕು ಅನ್ನುವುದರಲ್ಲಿ ಅವರು ಮೂವರು ಹಾಗೆ, ಮೂವರು ಹೀಗೆ. ಕೊನೆಗೆ ಚಕ್ರವರ್ತಿಯೇ ಶರಣಾಗೋಣ ಅಂದ ಮೇಲೆ ತೀರ್ಮಾನವಾಯಿತು. ಜಪಾನ್ ಪಟ್ಟು ಹಿಡಿದಿದ್ದ ಮುಖ್ಯ ಮಾತು, ಚಕ್ರವರ್ತಿಯ ಗದ್ದುಗೆ ಉಳಿಯಬೇಕು ಅನ್ನುವುದು. ಆ ಚಕ್ರವರ್ತಿ 1989ರಲ್ಲಿ ತೀರಿಕೊಳ್ಳುವವರೆಗೂ ಗದ್ದುಗೆಯಲ್ಲೇ ಇದ್ದರು. ಕೊನೆಗೆ ಕೊಟ್ಟದ್ದನ್ನು ಮೊದಲೇ ಕೊಡುತ್ತೇವೆ ಅಂದಿದ್ದರೆ? ನಿನ್ನ ಎದುರು ಕೂತವರು ಇದನ್ನು ಕೇಳಲಿಲ್ಲವೇ?

ನಾಗಸಾಕಿಯ ಬಗ್ಗೆಯಂತೂ ನಾನು ಯಾವ ವಾದವನ್ನೂ ಕೇಳಲಾರೆ. ಮೂರೇ ದಿನ ಪುಟ್ಟಿ. ಹಿರೋಷಿಮಾದಲ್ಲಿ ಏನಾಯಿತು ಅಂತ ಟೋಕಿಯೋಗೆ ಸರಿಯಾಗಿ ತಿಳಿಯಲು ಕೂಡ ಸಮಯ ಸಾಲದು. ಬಾಂಬ್ ತಯಾರಾದ ಹಾಗೆಲ್ಲ ಹಾಕುತ್ತಾ ಹೋಗಿ ಅಂತ ಜುಲೈ 25ರಂದೇ ಆದೇಶ ಆಗಿತ್ತು. ಎರಡನೆಯದಕ್ಕೆ ಅಂತ ಯಾರೂ ಮತ್ತೆ ಕೂತು ಯೋಚಿಸಲಿಲ್ಲ. ಆಗಸ್ಟ್ 11ಕ್ಕೆ ಅಂತ ಇದ್ದದ್ದನ್ನು ಹವಾಮಾನ ಕೆಡುತ್ತದೆ ಅಂತ 9ಕ್ಕೆ ತಂದರು. ಹೊರಟದ್ದು ಕೊಕುರಾ ಊರಿಗೆ. ಅಲ್ಲಿ ಮೋಡ, ಹೊಗೆ ಕವಿದು ಕೆಳಗೆ ಕಾಣಿಸಲಿಲ್ಲ, ನಾಗಸಾಕಿಗೆ ತಿರುಗಿದರು. ಬೆಳಿಗ್ಗೆ 11:02ಕ್ಕೆ ಆ ಊರಿನ ಉರಾಕಾಮಿ ಕಣಿವೆಯ ಮೇಲೆ ಹಾಕಿದರು. ಅಲ್ಲಿದ್ದ ವೈದ್ಯಕೀಯ ಕಾಲೇಜಿನ ಡಾಕ್ಟರು, ನರ್ಸು, ವಿದ್ಯಾರ್ಥಿಗಳು ನೂರಾರು ಮಂದಿ ಹೋದರು. ವರ್ಷಾಂತ್ಯಕ್ಕೆ ಆ ಊರಿನಲ್ಲಿ ಸತ್ತವರು 70,000 ದಾಟಿದ್ದರು.

ಮಾರನೇ ದಿನ ಅಧ್ಯಕ್ಷ ಟ್ರೂಮನ್, ತಾನು ಹೇಳದೆ ಇನ್ನೊಂದು ಹಾಕಬಾರದು ಅಂತ ನಿಲ್ಲಿಸಿದರು. ಇನ್ನೂ ಒಂದು ಲಕ್ಷ ಜನರನ್ನು ಕೊಲ್ಲುವುದು ನೆನೆಸಿಕೊಳ್ಳಲೂ ಆಗದು, ಅಷ್ಟೊಂದು ಮಕ್ಕಳನ್ನು ಕೊಲ್ಲಲು ಇಷ್ಟವಿಲ್ಲ ಅಂತ ಅವರು ಹೇಳಿದ್ದನ್ನು ಮಂತ್ರಿ ಹೆನ್ರಿ ವ್ಯಾಲೇಸ್ ಡೈರಿಯಲ್ಲಿ ಬರೆದಿಟ್ಟಿದ್ದಾರೆ. ಜುಲೈನಲ್ಲಿ ತಮ್ಮ ಡೈರಿಯಲ್ಲಿ ಅದೇ ಟ್ರೂಮನ್, ಗುರಿ ಸೈನಿಕರು ಮಾತ್ರ, ಹೆಂಗಸರು ಮಕ್ಕಳಲ್ಲ ಅಂತ ಬರೆದಿದ್ದರು. ಈ ಎರಡು ಡೈರಿಗಳ ನಡುವೆ ಎರಡು ಊರು ಹೋದವು.

ವಾರ್ಡಿನಲ್ಲಿ ನಾವೂ ಆರಿಸುತ್ತೇವೆ. ವೆಂಟಿಲೇಟರ್ ಒಂದೇ, ಬೇಕಾದವರು ಇಬ್ಬರು. ಯಾರಿಗೆ ಮೊದಲು ಅಂತ ತೀರ್ಮಾನ ಮಾಡಿ ರಾತ್ರಿಯೆಲ್ಲ ನಿದ್ದೆ ಇಲ್ಲದೆ ಕಳೆದಿದ್ದೇನೆ. ಆದರೆ ಹಾಸಿಗೆಯಲ್ಲಿ ಮಲಗಿದ ಒಬ್ಬರನ್ನು ಉಳಿಸಲು, ಹೊರಗೆ ಆಡುತ್ತಿರುವ ಮಗುವಿಗೆ ನಾನೇ ಬೆಂಕಿ ಹಚ್ಚುವುದಿಲ್ಲ. ಎಷ್ಟು ಜನ ಉಳಿಯುತ್ತಾರೆ ಅಂತ ಲೆಕ್ಕ ತೋರಿಸಿದರೂ ಹಚ್ಚುವುದಿಲ್ಲ. ನನಗೆ ಈ ವಿಷಯದಲ್ಲಿ ಗೊತ್ತಿರುವುದು ಇಷ್ಟೇ. ಅದು ವಾದದಲ್ಲಿ ಗೆಲ್ಲುತ್ತದೋ ಇಲ್ಲವೋ ಗೊತ್ತಿಲ್ಲ.

ಪರ, ವಿರೋಧ ಚೀಟಿ ಎತ್ತಿ ಕೊಟ್ಟದ್ದು ಅಂತ ಹೇಳಿದ್ದೆ, ನೆನಪಿದೆ. ಹಾಗಾಗಿ ನೀನು ಆಡಿದ ಮಾತಿಗೆ ನಿನ್ನ ಮೇಲೆ ಕೋಪ ಇಲ್ಲ. ನಿನ್ನ ಮನಸ್ಸಿನಲ್ಲಿ ಏನಿದೆ ಅಂತ ಮಾತ್ರ ನನಗೆ ತಿಳಿಯಬೇಕು.

ದೀಪಾವಳಿಗೆ ಬರುವಾಗ ಭಾಷಣದ ಹಾಳೆ ತೆಗೆದುಕೊಂಡು ಬಾ. ಅವತ್ತು ಫೋನಿನಲ್ಲಿ ಪೂರ್ತಿ ಕೇಳದೆ ಹೋದೆ. ಅಡುಗೆಮನೆಯಲ್ಲಿ ಕೂತು ಪೂರ್ತಿ ಓದು, ನಾನು ನಡುವೆ ಬಾಯಿ ಹಾಕದೆ ಕೇಳುತ್ತೇನೆ. ತಮ್ಮನೂ ಕೇಳಲಿ.

ನಿನ್ನ
ಅಮ್ಮ